ಕಂಬಳದಲ್ಲಿ ಕೋಣಗಳನ್ನು ಯಾವ ವಿಭಾಗಕ್ಕೆ ಇಳಿಸುವುದು: ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ

ಕಂಬಳಕ್ಕೆ, ಅಂದರೆ ಕೆಸರುಗದ್ದೆಯ ಕೋಣಗಳ ಓಟಕ್ಕೆ, ಹೊಸ ಜೋಡಿ ಕಟ್ಟಿದವರು ನೇಗಿಲಿನಿಂದಲೇ ಶುರು ಮಾಡುವುದು ಒಳ್ಳೆಯದು. ನೊಗಕ್ಕೆ ಹಗುರವಾದ ಮರದ ನೇಗಿಲು ಕಟ್ಟಿರುತ್ತದೆ, ಓಟಗಾರನಿಗೆ ಹಿಡಿದುಕೊಳ್ಳಲು ಗಟ್ಟಿ ಆಸರೆ ಸಿಗುತ್ತದೆ. ಎಳೆಯ ಕೋಣಗಳಿಗೆ ಕಿರಿಯ ವಿಭಾಗವೂ ಉಂಟು.

ಹಗ್ಗದಲ್ಲಿ ಆ ಆಸರೆಯಿಲ್ಲ. ನೊಗಕ್ಕೆ ಕಟ್ಟಿದ ಹಗ್ಗವೊಂದೇ ಕೈಯಲ್ಲಿ. ವೇಗ ಹೆಚ್ಚು, ಕೋಣದ ಹೆಜ್ಜೆಗೆ ಓಟಗಾರನ ಹೆಜ್ಜೆ ಒಂದು ಚೂರು ಹಿಂದೆ ಬಿದ್ದರೂ ಕೆಸರಿಗೆ ಮುಖ. ಜೋಡಿಯಲ್ಲಿ ಒಂದು ಕೋಣ ಮುಂದೆ ಎಳೆದರೆ ನೊಗ ಓರೆಯಾಗಿ ಕರೆಯ (ಓಟದ ಕೆಸರು ಹಾದಿಯ) ಬದಿಗೆ ಸರಿಯುತ್ತದೆ. ಎರಡೂ ಕೋಣಗಳ ಓಟ ಸಮವಾಗುವ ತನಕ ಹಗ್ಗಕ್ಕೆ ಇಳಿಸಬೇಡಿ.

ಅಡ್ಡಹಲಗೆಯಲ್ಲಿ ಓಟಗಾರ ಹಲಗೆಯ ಮೇಲೆ ನಿಲ್ಲುತ್ತಾನೆ. ಅವನ ಭಾರವೂ ಕೋಣಗಳ ಮೇಲೆಯೇ, ಹಾಗಾಗಿ ಬಲಿಷ್ಠ ಜೋಡಿ ಬೇಕು.

ಕನೆಹಲಗೆಯ ಲೆಕ್ಕವೇ ಬೇರೆ. ಇಲ್ಲಿ ಸಮಯವಲ್ಲ, ನೀರಿನ ಎತ್ತರ ಮುಖ್ಯ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು: 6.5 ಕೋಲು, ಇಲ್ಲವೇ 7.5 ಕೋಲು (ಕೋಲು ಅಂದರೆ ಎತ್ತರದ ಸ್ಥಳೀಯ ಅಳತೆ). ಕಾಲಿನ ಒತ್ತಡ ತಪ್ಪಿದರೆ ನೀರು ಪಕ್ಕಕ್ಕೆ ಚದುರುತ್ತದೆ. ನೋಡುವವರಿಗೆ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಕಾನೂನು ನಾಲ್ಕಕ್ಕೂ ಒಂದೇ. ಸುಪ್ರೀಂ ಕೋರ್ಟ್‌ನ 2014ರ ತೀರ್ಪಿನ ನಂತರ ನಿಂತಿದ್ದ ಕಂಬಳಕ್ಕೆ, ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ 2017ರ ತಿದ್ದುಪಡಿ ದಾರಿ ಮಾಡಿತು. ಸುಪ್ರೀಂ ಕೋರ್ಟ್ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಕೋಣಕ್ಕೆ ಅನಗತ್ಯ ನೋವು ಕೊಡುವಂತಿಲ್ಲ. ಬೆತ್ತದ ಪೆಟ್ಟಿಲ್ಲದೆ ಓಡದ ಜೋಡಿಯನ್ನು ಯಾವ ವಿಭಾಗಕ್ಕೂ ತರಬೇಡಿ.