ವಿಆರ್ ಹೆಡ್‌ಸೆಟ್ ಕೊಳ್ಳುವವರೇ, ಮೊದಲು ಕಂಟ್ರೋಲರ್ ನೋಡಿ

ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊರದೇಶದಿಂದ ಬಂದ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಲೋಕದೊಳಗೇ ಇದ್ದಂತೆ ಕಾಣಿಸುವ) ಹೆಡ್‌ಸೆಟ್ ತರೋಣ ಅಂದುಕೊಂಡಿರುವ ಮುಂಬೈ ಕನ್ನಡಿಗರೇ, ಸ್ವಲ್ಪ ನಿಲ್ಲಿ. ಅಂಗಡಿಯವನು ಹೆಡ್‌ಸೆಟ್ಟನ್ನು ನಿಮ್ಮ ತಲೆಗೆ ಕಟ್ಟಿ ಸಮುದ್ರದ ತಳವನ್ನೋ ರೋಲರ್ ಕೋಸ್ಟರನ್ನೋ ತೋರಿಸುತ್ತಾನೆ. ನೀವು ಬಾಯಿ ಬಿಟ್ಟುಕೊಂಡು ನೋಡುತ್ತೀರಿ. ಆಟ ನಡೆಸಲು ಕೈಯಲ್ಲಿ ಹಿಡಿಯುವ ಎರಡು ಕಂಟ್ರೋಲರ್‌ಗಳ ಕಡೆ ಗಮನವೇ ಹೋಗುವುದಿಲ್ಲ. ಮೊದಲು ಕೈ ಕೊಡುವುದು ಮಾತ್ರ ಅವೇ.

ನಾನು ತಂದದ್ದು ಹೆಸರುವಾಸಿ ಕಂಪನಿಯ ಸೆಟ್. "ಸೀಲ್ ಪ್ಯಾಕ್ ಪೀಸ್, ಒಂದು ವರ್ಷ ಇಂಟರ್‌ನ್ಯಾಷನಲ್ ವಾರಂಟಿ" ಅಂತ ಅಂಗಡಿಯವನು ಪೆಟ್ಟಿಗೆ ತಟ್ಟಿ ತಟ್ಟಿ ಹೇಳಿದ್ದ. ಮಳೆಗಾಲ ಮುಗಿಯುವ ಮೊದಲೇ ಎಡಗೈ ಕಂಟ್ರೋಲರ್ ಕಾಟ ಕೊಡಲು ಶುರು ಮಾಡಿತು. ಅದನ್ನು ಟೇಬಲ್ ಮೇಲೆ ಸುಮ್ನೆ ಇಟ್ಟಿದ್ದರೂ ಆಟದೊಳಗೆ ನಾವು ಮೆಲ್ಲಗೆ ಎಡಕ್ಕೆ ಜಾರುತ್ತಿದ್ದೆವು. ಟಿವಿ ಮುಂದೆ ಕೂತು ಆಡುವ ಆಟದಲ್ಲಿ ಹೀಗಾದರೆ ಬರೀ ಕಿರಿಕಿರಿ. ವಿಆರ್‌ನಲ್ಲಿ ಕಣ್ಣಿಗೆ ಕಾಣುವ ಇಡೀ ನೆಲವೇ ಸರಿಯುತ್ತದೆ, ಕಾಲು ಮಾತ್ರ ನಿಂತಲ್ಲೇ ಇರುತ್ತದೆ. ಹೊಟ್ಟೆ ತೊಳೆಸದೆ ಇರುತ್ತಾ? ಅಕ್ಕನ ಮಗ ಹೆಡ್‌ಸೆಟ್ ಕಿತ್ತು ಸೋಫಾ ಮೇಲೆ ಎಸೆದು, "ಮಾಮಾ, ವಾಂತಿ ಬರ್ತಿದೆ" ಅಂತ ಬಾತ್‌ರೂಮಿಗೆ ಓಡಿದ.

ಇದಕ್ಕೆ ಸ್ಟಿಕ್ ಡ್ರಿಫ್ಟ್ ಅನ್ನುತ್ತಾರೆ. ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ಕಿನ ಬುಡದಲ್ಲಿ ಎರಡು ಪುಟ್ಟ ಪೊಟೆನ್ಶಿಯೋಮೀಟರ್ ಇರುತ್ತವೆ. ಒಂದು ಎಡ ಬಲಕ್ಕೆ, ಇನ್ನೊಂದು ಹಿಂದೆ ಮುಂದಕ್ಕೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದರೊಳಗೂ ಇದೇ ಇದ್ದದ್ದು. ಕಾರ್ಬನ್ ಪಟ್ಟಿಯ ಮೇಲೆ ಲೋಹದ ಸಣ್ಣ ತುಂಡೊಂದು ಉಜ್ಜಿಕೊಂಡು ಓಡಾಡುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಪುಡಿ ಕೂರುತ್ತದೆ, ಸ್ಟಿಕ್ಕನ್ನು ನಡುವಿಗೆ ತರುವ ಸ್ಪ್ರಿಂಗೂ ಸಡಿಲವಾಗುತ್ತದೆ. ಆಮೇಲೆ ಕೈ ಬಿಟ್ಟರೂ ಸ್ಟಿಕ್ ಯಾವುದೋ ಕಡೆ ವಾಲಿದೆ ಅಂತಲೇ ಆಟಕ್ಕೆ ಸುದ್ದಿ ಹೋಗುತ್ತದೆ. ಹೆಚ್ಚಿನ ಆಟಗಳಲ್ಲಿ ನಡೆಯುವುದು ಎಡಗೈ ಸ್ಟಿಕ್ಕಿನಿಂದ. ಹಾಗಾಗಿ ಜಾಸ್ತಿ ಸವೆಯುವುದೂ ಅದೇ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಉಜ್ಜಾಟವೇ ಇಲ್ಲ. ಅಗ್ಗದ ಗೇಮ್‌ಪ್ಯಾಡ್‌ಗಳಿಗೂ ಅದು ಬಂದಾಗಿದೆ. ಇಷ್ಟು ದುಬಾರಿ ಸೆಟ್‌ಗೆ ಯಾಕೆ ಹಾಕುವುದಿಲ್ಲವೋ ನನಗಂತೂ ಅರ್ಥವಾಗುವುದಿಲ್ಲ.

ಅಂಗಡಿಗೆ ಹೋದೆ. ಹುಡುಗನೊಬ್ಬ ಸ್ಟಿಕ್ಕಿನ ಬುಡಕ್ಕೆ ಏನೋ ಸ್ಪ್ರೇ ಹೊಡೆದು, ಗಿರಗಿರ ತಿರುಗಿಸಿ, "ಹೋ ಗಯಾ ಸಾಬ್" ಅಂದ. ಅಲ್ಲಿ ಸರಿಯಾಗೇ ಇತ್ತು. ಗ್ರಾಂಟ್ ರೋಡಿನಿಂದ ದಾದರ್, ದಾದರ್‌ನಲ್ಲಿ ಬದಲಿಸಿ ಡೊಂಬಿವಲಿ. ಮನೆಗೆ ಬಂದು ಹಾಕಿದರೆ ಮತ್ತೆ ಅದೇ ಜಾರಾಟ. ಸ್ಪ್ರೇ ಒಳಗಿನ ಪುಡಿಯನ್ನು ತೊಳೆಯಬಹುದು, ಸವೆದ ಪಟ್ಟಿಯನ್ನು ತುಂಬಿಕೊಡುತ್ತಾ?

ಮುಂದಿನ ಸಲ ಹೋದಾಗ ಅಂಗಡಿಯವನ ರಾಗವೇ ಬದಲಾಗಿತ್ತು. ಕಂಟ್ರೋಲರ್ ಮೇಲಿನ ಗೀರು ತೋರಿಸಿ "ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ" ಅಂದ. ಕಂಪನಿಗೆ ಬರೆದರೆ ಸೀರಿಯಲ್ ನಂಬರ್ ಕೇಳಿದರು. ಆ ಸೆಟ್ ಬೇರೆ ದೇಶದಲ್ಲಿ ಮಾರಲು ತಯಾರಾದದ್ದಂತೆ. ಅಲ್ಲಿನ ವಿಳಾಸ, ಅಲ್ಲಿನ ಬಿಲ್ ಇದ್ದರೆ ಮಾತ್ರ ಬದಲಿ ಕೊಡುತ್ತಾರಂತೆ. ನನ್ನ ಹತ್ತಿರ ಇದ್ದದ್ದು "ವಿಆರ್ ಸೆಟ್ 1" ಅಂತ ಗೀಚಿದ ಕಚ್ಚಾ ಚೀಟಿ. ಪಕ್ಕಾ ಬಿಲ್ ಕೇಳಿದ್ದೆ, "ಮಾಲಿಕ್ ಬಂದ ಮೇಲೆ ವಾಟ್ಸಾಪ್ ಮಾಡ್ತೀವಿ" ಅಂದಿದ್ದರು. ಆ ಮಾಲಿಕ್ ಇವತ್ತಿಗೂ ಬಂದಿಲ್ಲ.

ಕೊನೆಗೆ ನಮ್ಮ ಡೊಂಬಿವಲಿಯ ಮೊಬೈಲ್ ರಿಪೇರಿಯವರ ಹತ್ತಿರ ಹೋದೆ. ಬ್ಯಾಟರಿ ಕೂರುವ ಜಾಗದ ಸ್ಟಿಕ್ಕರ್ ಎಬ್ಬಿಸಿದರೆ ಅಡಿಯಲ್ಲಿ ನಕ್ಷತ್ರದಂಥ ತಲೆಯ ಸಣ್ಣ ಸ್ಕ್ರೂ. ಅವರು ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ಸ್ಕ್ರೂ ತಲೆಯ ಮೂಲೆಗಳು ಸವೆದು ಗುಂಡಗಾಗಿದ್ದವು. ಸ್ಟಿಕ್ಕರ್‌ನ ಅಂಚಿನಲ್ಲಿ ಬೇರೆ ಗೋಂದು ಕಂದು ಬಣ್ಣಕ್ಕೆ ತಿರುಗಿತ್ತು. "ಇದನ್ನು ಮೊದಲೇ ಯಾರೋ ಬಿಚ್ಚಿದ್ದಾರೆ ಸರ್." ಅಂದರೆ ಯಾರದೋ ಮನೆಯಲ್ಲಿ ಸವೆದ ಕಂಟ್ರೋಲರನ್ನು ಹೊಸ ಪೆಟ್ಟಿಗೆಗೆ ತುರುಕಿ ಮೇಲೆ ಪ್ಲಾಸ್ಟಿಕ್ ಸುತ್ತಿದ್ದರು. ಸೀಲ್ ಪ್ಯಾಕ್ ಅಂತೆ!

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಯುಪಿಐನಲ್ಲಿ ದುಡ್ಡು ಕೊಟ್ಟ ದಾಖಲೆ ಮತ್ತು ಅಂಗಡಿಯವನ ವಾಟ್ಸಾಪ್ ಮಾತುಗಳೇ ಈಗ ನನ್ನ ಆಧಾರ. ನಗದು ಕೊಟ್ಟರೆ ಕಡಿಮೆ ಮಾಡುತ್ತೇನೆ ಅಂತ ಅವನು ಅಂದಿದ್ದ. ಸದ್ಯ, ಕೊಡಲಿಲ್ಲ.

ಹಾಗೂ ಕೊಳ್ಳಲೇಬೇಕು ಅಂತಿದ್ದರೆ, ಅಂಗಡಿಯಲ್ಲಿ ಮೊದಲು ಎರಡೂ ಕಂಟ್ರೋಲರನ್ನು ಕೌಂಟರ್ ಮೇಲಿಟ್ಟು ಕೈ ತೆಗೆಯಿರಿ. ಸ್ಟಿಕ್ಕಿನಿಂದ ನಡೆಯುವ ಆಟ ಯಾವುದಾದರೂ ಹಾಕಿಸಿ ಸ್ವಲ್ಪ ಹೊತ್ತು ನೋಡುತ್ತಿರಿ. ದೃಶ್ಯ ಕದಲಬಾರದು. ಆಮೇಲೆ ಸ್ಟಿಕ್ಕನ್ನು ಒಂದೊಂದು ಕಡೆಗೂ ಪೂರ್ತಿ ತಳ್ಳಿ ಬಿಡಿ, ಥಟ್ಟನೆ ನಡುವಿಗೆ ಬರಬೇಕು. ಬ್ಯಾಟರಿ ಮುಚ್ಚಳ ತೆಗೆದು ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ನಮ್ಮೂರಿನ ಮಳೆಗಾಲದ ಹವೆಗೆ ಸೋರಿದ ಸೆಲ್ ಇದ್ದರಂತೂ ಸೆಲ್ ತಾಗುವ ಲೋಹದ ಪಟ್ಟಿ ತಿಂದುಹೋಗಿರುತ್ತದೆ. ಆಡದ ದಿನಗಳಲ್ಲಿ ಸೆಲ್ ತೆಗೆದಿಡುವುದು ಒಳ್ಳೆಯದು. ಹೆಡ್‌ಸೆಟ್ಟಿನ ಲೆನ್ಸ್‌ಗೆ ಬಿಸಿಲು ಬೀಳದಂತೆಯೂ ನೋಡಿಕೊಳ್ಳಿ, ಕಿಟಕಿಯಿಂದ ಬಿದ್ದ ಬಿಸಿಲಿಗೇ ಒಳಗಿನ ಪರದೆ ಸುಟ್ಟುಹೋಗುತ್ತದೆ.

ಇನ್ನು ನಮ್ಮ ಒನ್ ಬಿಎಚ್‌ಕೆ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಒಂದು ಯಮ. ಹೆಡ್‌ಸೆಟ್ ಹಾಕಿಕೊಂಡವರಿಗೆ ಅದು ಕಾಣುವುದಿಲ್ಲ, ಕೈ ಎತ್ತಿ ಬೀಸಿದರೆ ಮುಗಿಯಿತು. ಬಳೆಯಂಥ ರಿಂಗ್ ಇರುವ ಕಂಟ್ರೋಲರ್ ಆದರೆ ಆ ರಿಂಗಿನೊಳಗೆ ಇನ್‌ಫ್ರಾರೆಡ್ ಎಲ್‌ಇಡಿಗಳಿರುತ್ತವೆ. ಹೆಡ್‌ಸೆಟ್ಟಿನ ಕ್ಯಾಮೆರಾ ಅವನ್ನು ನೋಡಿಯೇ ಕೈ ಎಲ್ಲಿದೆ ಅಂತ ತಿಳಿಯುವುದು. ರಿಂಗ್ ಒಡೆದು ಎಲ್‌ಇಡಿ ಸತ್ತರೆ ಆಟದಲ್ಲಿ ಕೈ ಎಲ್ಲೆಲ್ಲೋ ತೇಲುತ್ತದೆ.

ದುಡ್ಡು ಎಣಿಸುವ ಮೊದಲು ಇನ್ನೊಂದು ಕೇಳಿ: "ಎಡಗೈ ಕಂಟ್ರೋಲರ್ ಒಂದೇ ಬೇಕಾದರೆ ಎಷ್ಟು, ಯಾವಾಗ ತರಿಸಿಕೊಡ್ತೀರಿ?" ಉತ್ತರವನ್ನು ಜಿಎಸ್‌ಟಿ ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ ಕೊಡಲಿ. ಸೀರಿಯಲ್ ನಂಬರ್ ಆ ಬಿಲ್ಲಿನ ಮೇಲೇ ಇರಲಿ. ಬರೆದುಕೊಡಲು ಅಂಗಡಿಯವನು ಹಿಂದೆ ಮುಂದೆ ನೋಡಿದರೆ ಪೆಟ್ಟಿಗೆ ಅಲ್ಲೇ ಬಿಟ್ಟು ಬನ್ನಿ.