ಚಿಕಿತ್ಸೆ ಮುಗಿದವರ ತಳಮಳ: ನಾನು ಹೋಗಿಬಂದ ತರಬೇತಿಯ ಬಗ್ಗೆ

ಕೀಮೋ ವಾರ್ಡಿನಲ್ಲಿ ನರ್ಸ್ ಆಗಿ 14 ವರ್ಷ ಆಯಿತು. ನರ ಸಿಗದ ಕೈಯಲ್ಲೂ ನರ ಹುಡುಕಬಲ್ಲೆ. ಆದರೆ ಕೀಮೋದ ಕೊನೆಯ ಸುತ್ತು ಮುಗಿದ ದಿನ ಒಬ್ಬ ಹೆಂಗಸು ‘ನಾಳೆಯಿಂದ ನಾನೇನು ಮಾಡಲಿ ಸಿಸ್ಟರ್?’ ಎಂದು ಕೇಳಿದಾಗ, ‘ಎಲ್ಲಾ ಮುಗೀತಲ್ಲ, ಇನ್ನು ಆರಾಮಾಗಿರಿ’ ಎಂದು ಬೆನ್ನು ತಟ್ಟಿ ಕಳಿಸಿಬಿಟ್ಟಿದ್ದೆ. ಮೂರು ತಿಂಗಳಾದ ಮೇಲೆ ತಪಾಸಣೆಗೆ ಬಂದವರು, ಆವತ್ತಿನಿಂದ ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಬಂದಿಲ್ಲ ಅಂದರು. ಯಾರಿಗಾದರೂ ಹೇಳಿಕೊಂಡರೆ ‘ಬದುಕಿ ಬಂದಿದ್ದೀಯಲ್ಲ, ಇನ್ನೇನು ಬೇಕು’ ಅಂತಾರೆ, ಅದಕ್ಕೇ ಸುಮ್ಮನಿದ್ದೆ ಅಂದರು. ಹಾಗೆ ಅವರ ಬಾಯಿ ಮುಚ್ಚಿಸಿದವರಲ್ಲಿ ನಾನೇ ಮೊದಲಿನವಳು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಮನಸ್ಸಿನ ತಳಮಳವನ್ನು ಕೇಳಿಸಿಕೊಳ್ಳುವುದು ಹೇಗೆಂದು ನಮ್ಮಂಥವರಿಗೆ ಕಲಿಸುವ ಈ ತರಬೇತಿಗೆ ನನ್ನ ಹೆಸರು ಕೊಟ್ಟದ್ದು ಅದೇ ವಾರ.

ಎರಡು ದಿನ ಎದುರಾಬದುರು ಕೂತು, ಆಮೇಲೆ ಆರು ಸಂಜೆ ಆನ್‌ಲೈನ್. ನಾವು 16 ಜನ: ಹೆಚ್ಚಿನವರು ನರ್ಸ್‌ಗಳು, ಮೂವರು ಡಾಕ್ಟರು, ಒಬ್ಬ ಫಾರ್ಮಸಿಸ್ಟ್, ಒಬ್ಬ ಫಿಸಿಯೋ.

ಮೊದಲ ಬೆಳಗ್ಗೆ ಬರೀ ಸ್ಲೈಡುಗಳು, ಅರ್ಧಕ್ಕೆ ಇಳಿಸಬಹುದಿತ್ತು. ಅದರಲ್ಲಿ ಮನಸ್ಸಲ್ಲಿ ಉಳಿದದ್ದು ಫಿಟ್ಜ್‌ಹ್ಯೂ ಮಲನ್ ಎಂಬ ವೈದ್ಯರ ವಿಚಾರ. ಸ್ವತಃ ಕ್ಯಾನ್ಸರ್ ಅನುಭವಿಸಿದ ಅವರು, ಗುಣವಾಯಿತೋ ಇಲ್ಲವೋ ಎಂದು ಎರಡೇ ಗೆರೆ ಎಳೆದರೆ ಸಾಲದು, ರೋಗ ಗೊತ್ತಾದ ದಿನದಿಂದಲೇ ಉಳಿವಿನ ಹಂತಗಳು ಶುರುವಾಗುತ್ತವೆ ಎಂದು 1985ರಲ್ಲೇ ಬರೆದಿದ್ದರು. ಚಿಕಿತ್ಸೆ ನಿಂತ ಮೇಲಿನ ಕಾಯುವ ಕಾಲವನ್ನು ಅವರು ಪ್ರತ್ಯೇಕ ಹಂತವಾಗಿಯೇ ಗುರುತಿಸಿದ್ದರು. ನಮ್ಮ ವಾರ್ಡಿನ ಕೆಲಸ ಆ ಹಂತದ ಹೊಸಿಲಲ್ಲೇ ನಿಂತುಬಿಡುತ್ತದೆ.

ಆಮೇಲೆ ಡಿಸ್ಟ್ರೆಸ್ ಥರ್ಮಾಮೀಟರ್. ಸೊನ್ನೆಯಿಂದ 10ರವರೆಗೆ ಗೆರೆ ಹಾಕಿದ ಒಂದು ಚಿತ್ರ. ಕಳೆದ ಒಂದು ವಾರದಲ್ಲಿ ಮನಸ್ಸು ಎಷ್ಟು ಕಷ್ಟಪಟ್ಟಿತು ಎಂದು ರೋಗಿಯೇ ಗುರುತು ಹಾಕಬೇಕು. 4 ಅಥವಾ ಅದಕ್ಕಿಂತ ಮೇಲಿದ್ದರೆ ಕೂತು ಮಾತಾಡಬೇಕು. ಕನ್ನಡ ಹಾಳೆಯಲ್ಲಿ ‘ಡಿಸ್ಟ್ರೆಸ್’ಗೆ ‘ಸಂಕಟ’ ಎಂದು ಬರೆದಿದ್ದರು. ನಾನು ಕೈ ಎತ್ತಿದೆ: ಕೀಮೋ ತೆಗೆದುಕೊಂಡವರಿಗೆ ಸಂಕಟ ಅಂದರೆ ಹೊಟ್ಟೆ ತೊಳಸುವುದು, ಅವರು ವಾಂತಿಗೆ ಅಂಕ ಕೊಡುತ್ತಾರೆ. ‘ಮನಸ್ಸಿನ ತಳಮಳ’ ಎಂದು ಅಲ್ಲೇ ತಿದ್ದಿಕೊಂಡರು. ಹೇಳಿದ್ದನ್ನು ಕೇಳಿಸಿಕೊಳ್ಳುವ ತರಬೇತುದಾರರು ಎಂಬ ನಂಬಿಕೆ ಹುಟ್ಟಿದ್ದು ಆಗ.

ಇಡೀ ತರಬೇತಿಯ ಜೀವ ಇರುವುದು ಅಭಿನಯದ ಅಭ್ಯಾಸದಲ್ಲಿ. ಪಳಗಿದ ನಟರು ರೋಗಿಯಾಗಿ ಕೂರುತ್ತಾರೆ, ನಾವು ಒಬ್ಬೊಬ್ಬರಾಗಿ ಎದುರು ಕೂತು ಮಾತಾಡಬೇಕು, ಯಾವಾಗ ಬೇಕಾದರೂ ‘ನಿಲ್ಲಿಸಿ’ ಅನ್ನಬಹುದು. ನನ್ನ ಪಾಲಿಗೆ ಬಂದವರು ಚಿಕಿತ್ಸೆ ಮುಗಿಸಿ ಎರಡು ವರ್ಷವಾದ ಒಬ್ಬರು. ಮುಂದಿನ ವಾರ ಸ್ಕ್ಯಾನ್. ‘ಸಿಸ್ಟರ್, ಮತ್ತೆ ಬರುತ್ತಾ?’ ಅಂದರು. ನಾನು ರಿಪೋರ್ಟು, ಸ್ಟೇಜು, ಶೇಕಡಾ ಎಷ್ಟು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ತರಬೇತುದಾರರು ನಿಲ್ಲಿಸಿ ಕೇಳಿದ್ದು ಇಷ್ಟೇ: ‘ಅವರು ಲೆಕ್ಕ ಕೇಳಿದರಾ, ಭಯ ಹೇಳಿಕೊಂಡರಾ?’

ಎರಡನೇ ಸಲ ‘ಸ್ಕ್ಯಾನ್ ಹತ್ತಿರ ಬಂದ ಹಾಗೆ ಭಯ ಜಾಸ್ತಿ ಆಗ್ತಿದೆಯಾ?’ ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಮನಸ್ಸಿನಲ್ಲೇ ಏಳರವರೆಗೆ ಎಣಿಸಿದೆ. ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆವತ್ತೇ ಗೊತ್ತಾಗಿದ್ದು. ಎದುರಿದ್ದವರು ತಲೆ ತಗ್ಗಿಸಿ, ಕುತ್ತಿಗೆಯಲ್ಲಿ ಗಂಟು ಇದೆಯಾ ಎಂದು ದಿನಕ್ಕೆ 20 ಸಲ ಮುಟ್ಟಿ ನೋಡಿಕೊಳ್ಳುತ್ತೇನೆ ಎಂದರು. ಮೊದಲ ಸಲ ಈ ಮಾತು ಹೊರಗೇ ಬಂದಿರಲಿಲ್ಲ.

ಕ್ಯಾನ್ಸರ್ ಮರುಕಳಿಸೀತು ಎಂಬ ಭಯದ ಪಾಠ ಇಲ್ಲಿಂದಲೇ ಬೆಳೆಯಿತು. ಪದೇ ಪದೇ ಮುಟ್ಟಿ ನೋಡಿಕೊಂಡರೆ, ಪದೇ ಪದೇ ‘ಏನೂ ಇಲ್ಲ ತಾನೇ’ ಎಂದು ಕೇಳಿದರೆ ಆ ಕ್ಷಣಕ್ಕೆ ಸಮಾಧಾನ. ಆದರೆ ಮುಂದಿನ ಭಯ ಇನ್ನೂ ಬೇಗ ಬರುತ್ತದೆ. ಆದ್ದರಿಂದ ‘ಹೆದರಬೇಡಿ’ ಅನ್ನುವ ಬದಲು, ಯಾವ ಲಕ್ಷಣಕ್ಕೆ ಕೂಡಲೇ ಫೋನ್ ಮಾಡಬೇಕು, ಯಾವುದನ್ನು ಕೆಲವು ದಿನ ಕಾದು ನೋಡಬಹುದು ಎಂದು ಬರೆದುಕೊಡುವುದು. ಇದನ್ನು ನಾನು ಮರುದಿನವೇ ಬಳಸಿದೆ.

ಫಾರ್ಮಸಿಸ್ಟ್ ನಡೆಸಿದ 40 ನಿಮಿಷವೂ ಬಂಗಾರ. ಮಂಕು ಕವಿದದ್ದೆಲ್ಲ ಮನಸ್ಸಿನದೇ ಅಲ್ಲ: ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಕೆಲಸ ಕುಗ್ಗಿರಬಹುದು, ರಕ್ತಹೀನತೆ ಇರಬಹುದು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್ ಎಂಬ ಮಾತ್ರೆಯು, ಟಾಮಾಕ್ಸಿಫೆನ್ ಎಂಬ ಕ್ಯಾನ್ಸರ್ ಔಷಧಿ ದೇಹದೊಳಗೆ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತದೆ. ಹಾಗಾಗಿ ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ಟಾಮಾಕ್ಸಿಫೆನ್ ನುಂಗುವವರಿಗೆ ಬೇರೆ ಔಷಧಿ ನೋಡಬೇಕಾಗುತ್ತದೆ. ಯಾವ ಮಾತ್ರೆ ಕೊಡಬೇಕೆಂದು ನಿರ್ಧರಿಸುವವಳು ನಾನಲ್ಲ, ಆದರೆ ಚೀಟಿ ನೋಡಿ ಡಾಕ್ಟರನ್ನು ಕೇಳಬಲ್ಲೆ.

ಆತ್ಮಹತ್ಯೆಯ ವಿಚಾರ ಕೇಳುವ ಅಭ್ಯಾಸಕ್ಕೆ ಇಡೀ ಮಧ್ಯಾಹ್ನ ಕೊಟ್ಟರು, ಕೊಟ್ಟದ್ದು ಸರಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂಬ ಹೆದರಿಕೆ ನನಗೂ ಇತ್ತು. ಹಾಗಲ್ಲ. ‘ಸಾಯಬೇಕು ಅಂತ ಯೋಚನೆ ಬಂದಿದೆಯಾ?’ ಎಂಬ ನೇರ ವಾಕ್ಯ ನನ್ನ ಬಾಯಲ್ಲಿ ತಡವರಿಸದೆ ಬರಲು ಐದು ಸಲ ಬೇಕಾಯಿತು. ‘ಹೌದು’ ಅಂದರೆ ಅವರನ್ನು ಒಂಟಿಯಾಗಿ ಬಿಡದೆ, ಅದೇ ದಿನ ಮನೋವೈದ್ಯರಿಗೆ ತೋರಿಸುವುದು ಹೇಗೆ ಎಂಬುದನ್ನೂ ಅಭ್ಯಾಸ ಮಾಡಿಸಿದರು.

ಇನ್ನು ಕೊರತೆಗಳು. ದೊಡ್ಡದೆಂದರೆ, ಸರ್ಟಿಫಿಕೇಟ್ ಕೈಗಿಟ್ಟ ಮೇಲೆ ಯಾರೂ ವಿಚಾರಿಸುವುದಿಲ್ಲ. ತಿಂಗಳಿಗೊಮ್ಮೆಯಾದರೂ ನಾವು ಎದುರಿಸಿದ ಒಂದು ಮಾತುಕತೆಯನ್ನು ಅನುಭವಸ್ಥರ ಜೊತೆ ಕೂತು ನೋಡುವಂತಿರಬೇಕು; ಇಲ್ಲದಿದ್ದರೆ ಹಳೇ ನಾಲಿಗೆ ಮರಳಿ ಬರುತ್ತದೆ, ನನಗೆ ಆರನೇ ವಾರಕ್ಕೇ ಬಂತು. ಲೈಂಗಿಕತೆಗೆ ಸಿಕ್ಕಿದ್ದು ಒಂದು ಸ್ಲೈಡು. ಧ್ವನಿಪೆಟ್ಟಿಗೆ ತೆಗೆಸಿಕೊಂಡು ಬರೆದು ಮಾತಾಡುವವರು, ಬಾಲ್ಯದಲ್ಲೇ ಕ್ಯಾನ್ಸರ್ ದಾಟಿ ಈಗ ಯೌವನದಲ್ಲಿರುವವರು ಯಾವ ಅಭಿನಯದಲ್ಲೂ ಇರಲಿಲ್ಲ. ಮತ್ತೊಂದು: ಅಭ್ಯಾಸದ ಮಧ್ಯೆ ನಮ್ಮ ತಂಡದ ಒಬ್ಬಳು, ತೀರಿಹೋದ ರೋಗಿಯೊಬ್ಬರು ನೆನಪಾಗಿ ಅತ್ತುಬಿಟ್ಟಳು. ಸಮಯವಿಲ್ಲ ಎಂದು ಮುಂದಿನ ಜೋಡಿಯನ್ನು ಕರೆದರು. ಕೇಳಿಸಿಕೊಳ್ಳುವುದನ್ನು ಕಲಿಸುವ ಕೋಣೆಯಲ್ಲಿ ಅದು ಆಗಬಾರದಿತ್ತು, ನನಗೆ ಇವತ್ತಿಗೂ ನೋವಿದೆ.

ಆದರೂ ಹೋಗಿ ಎಂದೇ ಹೇಳುತ್ತೇನೆ, ಒಬ್ಬರೇ ಹೋಗಬೇಡಿ. ಒಂದೇ ವಾರ್ಡಿನಿಂದ ಇಬ್ಬರು ಹೋದರೆ ಒಬ್ಬರಿಗೊಬ್ಬರು ತಿದ್ದಬಹುದು. ಕೌನ್ಸೆಲರ್ ಆಗಬೇಕೆಂದು ಹೋಗುವವರಿಗೆ ಇದು ಸಾಲದು.

ಕಳೆದ ತಿಂಗಳು ಒಬ್ಬರ ಕೊನೆಯ ಡ್ರಿಪ್ ಬಿಚ್ಚುತ್ತಾ ‘ಇವತ್ತಿಗೆ ಮುಗೀತು, ಹೇಗನ್ನಿಸ್ತಿದೆ?’ ಎಂದು ಕೇಳಿದೆ. ‘ಇಲ್ಲಿಗೆ ಬರೋದು ನಿಂತ ಮೇಲೆ ನನ್ನನ್ನು ಯಾರು ನೋಡ್ತಾರೆ ಅಂತ ದಿಗಿಲು’ ಅಂದರು. ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಕೂತೆ. ಮುಂದಿನ ಬ್ಯಾಚಿಗೆ ನಮ್ಮಿಂದ ಇನ್ನಿಬ್ಬರ ಹೆಸರು ಕೊಟ್ಟಿದ್ದೇನೆ. ಅವರಲ್ಲಿ ಒಬ್ಬರು ರೇಡಿಯೇಷನ್ ಟೆಕ್ನಿಷಿಯನ್: ವಾರಕ್ಕೆ ಐದು ದಿನ ಅದೇ ಮುಖಗಳನ್ನು ನೋಡುವವರು ಅವರು.