ಚಿತ್ರಕ್ಕೆ ಪೂರ್ಣ ಅಂಕ, ಡ್ರೈವರಿಗೆ ಇಲ್ಲ: ಒಂದು ಥಂಡರ್‌ಬೋಲ್ಟ್ ಕ್ಯಾಪ್ಚರ್ ಸಾಧನದ ವಿಮರ್ಶೆ
ಮೂರು ತಿಂಗಳಿಂದ ಬಳಸುತ್ತಿರುವ ಈ ವಿಡಿಯೊ ಕ್ಯಾಪ್ಚರ್ ಸಾಧನದ ಚಿತ್ರದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರೆಲ್ಲ ಅದರ ಲಿನಕ್ಸ್ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶದ ಕುರಿತದ್ದು. ರೆಕಾರ್ಡಿಂಗ್ ನಡೆಯುವಾಗ ಕೇಬಲ್ ಕಳಚಿಕೊಂಡರೆ ರೆಕಾರ್ಡಿಂಗ್ ನಿಲ್ಲುವುದು ಸಹಜ. ಆದರೆ ಇಲ್ಲಿ ಪ್ರೊಸೆಸರಿನ ಒಂದು ಕೋರ್ ನೂರಕ್ಕೆ ನೂರು ಲೋಡ್‌ನಲ್ಲಿ ಸಿಕ್ಕಿಬಿದ್ದು, ಪ್ರೋಗ್ರಾಮನ್ನು ಕಿಲ್ ಮಾಡಿದರೂ ಅದು ಸಾಯದೆ, ಕೊನೆಗೆ ಕಂಪ್ಯೂಟರನ್ನೇ ರೀಬೂಟ್ ಮಾಡಬೇಕಾಯಿತು.

ಡ್ರೈವರಿನ ಸೋರ್ಸ್ ಕೋಡ್ ಜೊತೆಗೇ ಬರುವುದರಿಂದ ಕಾರಣ ಬೇಗ ಸಿಕ್ಕಿತು. ಡಿಎಂಎ (ಸಾಧನವು ನೇರವಾಗಿ ಕಂಪ್ಯೂಟರಿನ ಮೆಮೊರಿಗೆ ಡೇಟಾ ಬರೆಯುವ ವ್ಯವಸ್ಥೆ) ನಿಲ್ಲಿಸುವ ಫಂಕ್ಷನ್ನಿನಲ್ಲಿ, ಸಾಧನದ ಸ್ಥಿತಿ ತಿಳಿಸುವ ಸ್ಟೇಟಸ್ ರಿಜಿಸ್ಟರಿನಲ್ಲಿ ಕೆಲಸ ನಡೆದಿದೆ ಎನ್ನುವ ಬ್ಯುಸಿ ಬಿಟ್ ಸೊನ್ನೆಯಾಗುವ ತನಕ ಓದುತ್ತಲೇ ಇರುವ, ಕಾಲಮಿತಿಯೇ ಇಲ್ಲದ ಒಂದು ಲೂಪ್ ಇದೆ. ಪಿಸಿಐ ಎಕ್ಸ್‌ಪ್ರೆಸ್ ಸಾಧನವು (ಥಂಡರ್‌ಬೋಲ್ಟ್ ಕೇಬಲ್ಲಿನಿಂದ ಜೋಡಿಸಿದ ಇದೂ ಕಂಪ್ಯೂಟರಿಗೆ ಹಾಗೆಯೇ ಕಾಣುತ್ತದೆ) ಕಳಚಿಹೋದ ಮೇಲೆ ಅದರ ರಿಜಿಸ್ಟರ್ ಓದಿದರೆ ಸಾಮಾನ್ಯವಾಗಿ 32 ಬಿಟ್‌ಗಳೂ 1 ಆಗಿರುವ ಮೌಲ್ಯವೇ ಕೈಗೆ ಬರುತ್ತದೆ. ಹೀಗಾಗಿ ಇಲ್ಲದ ಸಾಧನವು ಈ ಡ್ರೈವರಿನ ಕಣ್ಣಿಗೆ ಎಂದೆಂದಿಗೂ ಬ್ಯುಸಿ. ಎಲ್ಲ ಬಿಟ್‌ಗಳೂ 1 ಆಗಿ ಬಂದಾಗ ಸಾಧನ ಇದೆಯೇ ಎಂದು ಒಮ್ಮೆ ವಿಚಾರಿಸಿಕೊಂಡು ಲೂಪಿನಿಂದ ಹೊರಬರಲು ನಾಲ್ಕು ಸಾಲಿನ ಕೋಡ್ ಸಾಕಿತ್ತು. ಕೇಬಲ್ ಕೀಳುವ ಮುನ್ನ ರೆಕಾರ್ಡಿಂಗ್ ನಿಲ್ಲಿಸಿ ಎಂದು ಕೈಪಿಡಿಯಲ್ಲಿ ಬರೆದಿದ್ದಾರೆ. ಕೇಬಲ್ಲಿಗೆ ಎಡವಿದ ಕಾಲಿಗೆ ಅದನ್ನು ಓದಿ ಹೇಳುವವರು ಯಾರು?

ನಂತರದ ಆವೃತ್ತಿಯಲ್ಲಿ ಲೂಪಿಗೆ ಕಾಲಮಿತಿ ಬಂದಿದೆ, ಜೊತೆಗೆ ಹೊಸ ತೊಂದರೆಯೂ ಬಂದಿದೆ. ಸಾಧನವನ್ನು ಬಳಸಲು ತೆರೆಯುವ ಡಿವೈಸ್ ಫೈಲನ್ನು ಪ್ರೋಗ್ರಾಮು ಇನ್ನೂ ತೆರೆದಿಟ್ಟುಕೊಂಡಿರುವಾಗಲೇ, ಸಾಧನ ಹೋದಾಗ ನಡೆಯಬೇಕಾದ ಡ್ರೈವರಿನ ರಿಮೂವ್ ಫಂಕ್ಷನ್ನನ್ನು ಲಿನಕ್ಸ್ ಕರೆಯಬಹುದು, ಫೈಲ್ ಮುಚ್ಚಲೆಂದು ಅದು ಕಾಯುವುದಿಲ್ಲ. ಈ ಡ್ರೈವರ್ ಅಲ್ಲಿಯೇ ತನ್ನ ಮೆಮೊರಿಯನ್ನೆಲ್ಲ ಬಿಟ್ಟುಕೊಡುತ್ತದೆ. ಆಮೇಲೆ ಪ್ರೋಗ್ರಾಮು ಫೈಲನ್ನು ಮುಚ್ಚಲು ಹೋದಾಗ, ಡ್ರೈವರ್ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಮುಟ್ಟಿ, ಲಿನಕ್ಸ್‌ನ ತಿರುಳಾದ ಕರ್ನಲ್ ಕ್ರ್ಯಾಶ್ ಆಗುತ್ತದೆ. ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಲೆಕ್ಕ (ರೆಫರೆನ್ಸ್ ಕೌಂಟ್) ಇಟ್ಟು, ಕೊನೆಯ ಬಳಕೆದಾರ ಕೈಬಿಟ್ಟ ಮೇಲೆ ಮೆಮೊರಿ ಬಿಡುವುದು ಇಲ್ಲಿನ ಹಳೆಯ ರೂಢಿ.

ವಿಂಡೋಸ್ ಡ್ರೈವರ್ ಮಾತ್ರ ಸರಿಯಾಗಿದೆ. ವಿಂಡೋಸ್ 2000ರಿಂದ ಸಾಧನ ಹಠಾತ್ತನೆ ಕಳಚಿದರೆ ಡ್ರೈವರಿಗೆ ಸರ್‌ಪ್ರೈಸ್ ರಿಮೂವಲ್ ಎಂಬ ಪ್ರತ್ಯೇಕ ಸೂಚನೆ ಮೊದಲು ಬಂದು, ಪ್ರೋಗ್ರಾಮುಗಳು ಸಾಧನದತ್ತ ತೆರೆದಿಟ್ಟ ಹ್ಯಾಂಡಲ್‌ಗಳೆಲ್ಲ ಮುಚ್ಚಿದ ಮೇಲಷ್ಟೇ ಅಂತಿಮ ರಿಮೂವ್ ಸೂಚನೆ ಬರುತ್ತದೆ. ಅಲ್ಲಿ ಹತ್ತು ಸಲ ಕೇಬಲ್ ಕಿತ್ತು ನೋಡಿದೆ. ಹತ್ತೂ ಸಲ ಪ್ರೋಗ್ರಾಮು ಸಾಧನ ಸಿಗುತ್ತಿಲ್ಲವೆಂದು ಹೇಳಿ, ಮತ್ತೆ ಚುಚ್ಚಿದೊಡನೆ ಕೆಲಸಕ್ಕಿಳಿಯಿತು.

ವಿಂಡೋಸ್ ಬಳಸುವವರು ಕೊಳ್ಳಬಹುದು. ಲಿನಕ್ಸ್‌ನವರು ಮುಂದಿನ ಆವೃತ್ತಿಗೆ ಕಾಯುವುದು ಒಳಿತು; ನಾನಂತೂ ಸದ್ಯಕ್ಕೆ ಕೇಬಲ್ಲನ್ನು ಮೇಜಿನ ಕಾಲಿಗೆ ಕಟ್ಟಿಟ್ಟುಕೊಂಡಿದ್ದೇನೆ.